ಬಣ್ಣದ ಹಿಂದೆ ನಡೆದ ಊರು

ನಮ್ಮ ಕ್ಲಿಪ್‌ವಾಟರ್‌ನಲ್ಲಿ ಸುಮ್ಮನೆ ನಡೆಯುವವರು ಯಾರೂ ಇರಲಿಲ್ಲ. ನಡೆದರೆ ಆಡಿನ ಹಿಂದೆ ನಡೆಯಬೇಕು, ಸೌದೆಗೆ ನಡೆಯಬೇಕು, ತಪ್ಪಿಸಿಕೊಂಡ ಕತ್ತೆಯನ್ನು ಹುಡುಕಿಕೊಂಡು ನಡೆಯಬೇಕು, ಇಲ್ಲವೇ ಹೆಣದ ಹಿಂದೆ ನಡೆಯಬೇಕು. ಕೈಬೀಸಿಕೊಂಡು ಗುಡ್ಡದ ಕಡೆ ಹೊರಟ ಹೆಂಗಸನ್ನು ಕಂಡರೆ ಮನೆಯಲ್ಲಿ ಜಗಳವಾಗಿದೆ ಎಂದೇ ಅರ್ಥ. ಇಂಥ ಊರಿನಲ್ಲಿ ಹೆಂಡ್ರೀನಾ ಸಾಲ್ ಎಂಬವಳು ಗಂಡ, ಹೆಂಡತಿ, ಮಕ್ಕಳು, ಮುದುಕರನ್ನು ಒಟ್ಟಿಗೆ ಹೂ ನೋಡಲು ನಡೆಸಿದಳು. ಹೇಗೆ ನಡೆಸಿದಳು ಎಂಬುದನ್ನು ಬರೆದಿಡಬೇಕು. ಈಗಾಗಲೇ ಊರಿನವರು ತಾವು ಮೊದಲಿನಿಂದಲೂ ನಡೆಯುತ್ತಿದ್ದೆವು ಎಂದು ಹೇಳಿಕೊಳ್ಳತೊಡಗಿದ್ದಾರೆ.

ಎಲ್ಲರೂ ಡ್ರೀನಾ ಎಂದು ಕರೆಯುವ ಈಕೆ ಹುಟ್ಟಿದ್ದು ಊರಿನಲ್ಲಲ್ಲ, ಗುಡ್ಡದಾಚೆಯ ಆಡುದೊಡ್ಡಿಯ ಬಳಿ, ಚಾಪೆ ಹೊದಿಸಿದ ಗುಡಿಸಲಿನಲ್ಲಿ. ಅಪ್ಪ ಬೇರೆಯವರ ಆಡು ಕಾಯುತ್ತಿದ್ದ. ಶಾಲೆ ಅವಳಿಗೆ ಸಿಕ್ಕಿದ್ದು ಅಷ್ಟಿಷ್ಟು. ಆಮೇಲೆ ತಾಮ್ರದ ಗಣಿಯ ಊಟದ ಮನೆಯಲ್ಲಿ ಪಾತ್ರೆ ತೊಳೆದಳು, ಗಣಿ ಮುಚ್ಚಿದಾಗ ಹಿಂದಿರುಗಿ ಗಾಳಿಗೆ ತಿರುಗಿ ನೀರೆತ್ತುವ ಗಾಳಿಪಂಪುಗಳನ್ನು ರಿಪೇರಿ ಮಾಡುವ ಕೋಸಿ ಸಾಲ್‌ನನ್ನು ಮದುವೆಯಾದಳು, ನಮ್ಮ ಶಾಲೆಯ ಅಡುಗೆಯವಳಾದಳು. ದಪ್ಪ ಮೂಳೆಯ ಹೆಂಗಸು, ಸಣ್ಣ ಕಣ್ಣು, ಗಟ್ಟಿ ಗಂಟಲು. ಹೂವಿನ ಮೇಲೆ ಅವಳಿಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅದು ಇತ್ತೆಂದು ಕೇಪ್‌ಟೌನಿನಿಂದ ಬರುವ ಪ್ರವಾಸಿಗರು ನಂಬುತ್ತಾರೆ. ನಂಬಿಕೊಳ್ಳಲಿ.

ಈಗ ಎಲ್ಲರೂ ಬಣ್ಣದ ನಡಿಗೆ ಎನ್ನುವ ಇದು ಶುರುವಾದದ್ದು ಆಲೂಗಡ್ಡೆಯಿಂದ. ಒಂದು ಆಗಸ್ಟ್ ತಿಂಗಳು, ನಮ್ಮ ಕಡೆಯ ವಸಂತ, ಹೊಲವೆಲ್ಲ ಹೂ ಬಿಟ್ಟಿದ್ದ ಕಾಲ, ಚಿಕ್ಕ ತರಗತಿಯ ಟೀಚರು ಸಭೆಗೆಂದು ಪೇಟೆಗೆ ಹೋಗಿದ್ದರು. ಮಕ್ಕಳನ್ನು ಡ್ರೀನಾಳ ಮಡಿಲಿಗೆ ಹಾಕಲಾಗಿತ್ತು. ಅವಳ ಮುಂದೆ ಒಂದು ಮೂಟೆ ಆಲೂಗಡ್ಡೆ, ಹಿಂದೆ ಕಿತ್ತಾಡುವ ಮಕ್ಕಳು. ತೇಪೆಲಂಗಕ್ಕೆಂದು ಕೂಡಿಟ್ಟ ಬಟ್ಟೆಯ ಚೂರುಗಳ ಚೀಲ ಅವಳ ಬಳಿಯಿತ್ತು. ನಮ್ಮ ಹೆಂಗಸರು ಹಬ್ಬಕ್ಕೆ ಉಡುವ ಲಂಗ ಇಂಥ ನೂರೆಂಟು ಚೂರುಗಳದ್ದೇ. ಕೈಗೆ ಸಿಕ್ಕ ಚೂರನ್ನು ಒಂದೊಂದು ಮಗುವಿಗೆ ಕೊಟ್ಟಳು.

"ಈ ಬಣ್ಣ ಹೊಲದಲ್ಲಿ ಎಲ್ಲಿದೆ ನೋಡ್ಕೊಂಡು ಬಾ. ಹೂವು ಕೀಳಂಗಿಲ್ಲ. ಬಟ್ಟೇನೇ ಹೂವಿನ ಹತ್ರ ತಗೊಂಡ್ ಹೋಗ್ಬೇಕು. ಕಿತ್ತೋನಿಗೆ ಊಟ ಇಲ್ಲ."

ಆಲೂಗಡ್ಡೆಯ ಸಿಪ್ಪೆ ಸುಲಿದು, ಸಾರು ಕುದಿದು, ತಟ್ಟೆ ಇಟ್ಟರೂ ಮಕ್ಕಳು ಬರಲಿಲ್ಲ. ಅವಳೇ ಹೋಗಿ ಕೂಗಬೇಕಾಯಿತು. ಕಿತ್ತಳೆ ಚೂರಿನ ಹುಡುಗಿ ತನ್ನ ಬಟ್ಟೆಗೆ ಯಾವ ಹೂವೂ ಸರಿಹೊಂದುತ್ತಿಲ್ಲ, ಎಲ್ಲವೂ ಒಂದು ಕೂದಲೆಳೆ ಹೆಚ್ಚು ಕಮ್ಮಿ ಎಂದು ಅಳುತ್ತಿದ್ದಳು. ಅಳುವ ಮಗುವನ್ನು ಕಂಡು ಡ್ರೀನಾಳಿಗೆ ಬಹಳ ಸಂತೋಷವಾಯಿತಂತೆ. ಅಷ್ಟು ಹೊತ್ತು ಗಮನ ಕೊಟ್ಟು ನೋಡಿದ ಮಗುವನ್ನು ಅವಳು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಅದು ವಸಂತದ ಶನಿವಾರಗಳ ಕೆಲಸವಾಯಿತು. ಒಂದು ಶನಿವಾರ ಕಿತ್ತಳೆ, ಒಂದು ಹಳದಿ, ಒಂದು ಬಿಳಿ. ಹೂ ನೋಡಲು ಕಾರಿನಲ್ಲಿ ಬರುತ್ತಿದ್ದ ಹೊರಗಿನ ಸಂಸಾರಗಳು ನಿಂತು ಸೇರಿಕೊಂಡವು. ಬೆಳಗಿನ ಚಳಿ ಬಿಟ್ಟು, ಬಿಸಿಲು ಬೆನ್ನು ಸುಡುವಷ್ಟು ಆದ ಮೇಲೆಯೇ ಹೊರಡುವುದು. ಅದಕ್ಕೆ ಮುಂಚೆ ನಮ್ಮ ಹೂಗಳು ಕಣ್ಣು ತೆರೆಯುವುದಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಡೆಯಬೇಕು. ಹೂ ಸೂರ್ಯನನ್ನು ನೋಡುತ್ತದೆ, ಹಾಗಾಗಿ ನಮ್ಮನ್ನೂ ನೋಡುತ್ತದೆ. ಎದುರುಬದಿಯಿಂದ ಬಂದವನಿಗೆ ಹೂವಿನ ಬೆನ್ನಷ್ಟೇ ಕಾಣುತ್ತದೆ. ಇದು ಊರಿನ ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿದ್ದೂ ಊರಿನವರು ಬರಲಿಲ್ಲ. ಮಕ್ಕಳು ಬಂದರು, ದೊಡ್ಡವರು ಬೇಲಿಯ ಮೇಲೆ ಮೊಣಕೈ ಊರಿ ನಕ್ಕರು.

"ಏನೇ ಡ್ರೀನಾ, ಕತ್ತೆ ಕಳ್ಕೊಂಡ್ಯಾ?" ಎಂದು ಅಂಗಡಿಯ ಸಾರ್ಕಿ ಪ್ರತಿ ಶನಿವಾರ ಕೇಳುತ್ತಿದ್ದಳು.

"ಇಲ್ಲ ಕಣೇ, ಬೇಲಿ ಹತ್ರಾನೇ ನಿಂತೈತೆ," ಎಂದು ಡ್ರೀನಾ ಪ್ರತಿ ಶನಿವಾರ ಉತ್ತರಿಸುತ್ತಿದ್ದಳು.

ನಡಿಗೆಯೆಲ್ಲ ಆಗುತ್ತಿದ್ದದ್ದು ಊರಿನ ಕೆಳಗಿನ ಬೀಳು ಹೊಲದಲ್ಲಿ. ನಮ್ಮ ತಾತಂದಿರು ಅಲ್ಲಿ ಗೋಧಿ ಬಿತ್ತುತ್ತಿದ್ದರು. ಈಗ ಅದು ಊರಿನಂಚಿನಿಂದ ತುದಿಯ ಗಾಳಿಪಂಪಿನವರೆಗೆ ಖಾಲಿ ಬಿದ್ದಿದೆ. ಉತ್ತು ಬಿಟ್ಟ ನೆಲದಲ್ಲಿ ಹೂ ಬರುವಂತೆ ಬೇರೆಲ್ಲೂ ಬರುವುದಿಲ್ಲ. ಹೊಲ ಯಾರೊಬ್ಬರದೂ ಅಲ್ಲ, ಊರಿನದು. ಹೂವೆಲ್ಲ ಬೀಜ ಉದುರಿಸಿದ ಮೇಲೆ ಆಡುಗಳು ಗುಡ್ಡದಿಂದ ಅಲ್ಲಿಗೆ ಇಳಿಯುವುದು ವಾಡಿಕೆ.

ನಾನು ಹೇಳುತ್ತಿರುವ ವರ್ಷ ಆಡುಗಳು ಬೇಗ ಮರಿ ಹಾಕಿದವು. ಗುಡ್ಡದ ಮೇಲೆ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೇವಿನ ಸಮಿತಿಯ ಅಧ್ಯಕ್ಷ ಆಬ್ರಾಮ್ ಯೋಸೆಫ್, ಹಿರಿಯನಾದ್ದರಿಂದ ಎಲ್ಲರಿಗೂ ಊಮ್ ಆಬ್ರಾಮ್, ಇಗರ್ಜಿಯ ಸಭಾಂಗಣದಲ್ಲಿ ಎದ್ದು ನಿಂತು ಈ ಸಲ ಆಡುಗಳನ್ನು ಈಗಲೇ ಇಳಿಸುವುದು ಎಂದ. ಊರಿನಲ್ಲಿ ಅತಿ ಹೆಚ್ಚು ಆಡುಗಳಿದ್ದದ್ದು ಅವನಿಗೇ. ಹಾಗೆಂದು ಅವನ ಮಾತು ತಪ್ಪಾಗಿರಲಿಲ್ಲ. ಹಾಲೂಡುವ ಆಡಿಗೆ ಹಸಿರು ಬೇಕು. ಕೆಳಗೆ ಹಸಿರಿತ್ತು.

ಡ್ರೀನಾ ಹಿಂದಿನ ಬೆಂಚಿನಿಂದ ಎದ್ದಳು.

"ಊಮ್ ಆಬ್ರಾಮ್, ಬೀಜ ಬೀಳೋಕೆ ಮುಂಚೆ ತಿನ್ಸಿದ್ರೆ ಬರೋ ವರ್ಷ ಹೂವೂ ಇಲ್ಲ, ನಿಮ್ಮ ಆಡಿಗೆ ಮೇವೂ ಇಲ್ಲ."

"ಬರೋ ವರ್ಷದ್ದು ದೇವರು ನೋಡ್ಕೊಳ್ತಾನೆ. ಹೂವು ತಿಂದ್ರೆ ಹಾಲಾಗುತ್ತೆ. ನೋಡಿದ್ರೆ ಏನಾಗುತ್ತೆ ಹೇಳು?"

"ನೋಡಿದೋರಿಗೆ ಗೊತ್ತು."

"ಯಾರದು ನೋಡಿದೋರು? ಕೇಪಿನಿಂದ ಕಾರಲ್ಲಿ ಬರೋರು! ನಮ್ಮೂರಿನ ಒಂದು ಸಂಸಾರ ತೋರ್ಸು, ಅಪ್ಪ ಅಮ್ಮ ಮಕ್ಕಳು ಸಮೇತ ನಿನ್ನ ಹಿಂದೆ ಆ ಗಾಳಿಪಂಪಿನ ತನಕ ಹೋಗಿದ್ದು. ಒಂದೇ ಒಂದು. ಹೊಲ ಊರಿಂದು. ಊರಿಗೆ ಬೇಡ್ದೇ ಇದ್ದ ಹೂವನ್ನ ನಾನ್ಯಾಕೆ ಕಾಯ್ಲಿ?"

ಸಭೆ ನಕ್ಕಿತು. ನಗದವರೂ ತಲೆದೂಗಿದರು. ಅವನು ಹೇಳಿದ್ದು ನಿಜವಾಗಿತ್ತು. ಡ್ರೀನಾ ಕೂರಲಿಲ್ಲ.

"ತೋರ್ಸಿದ್ರೆ?"

"ಏನು?"

"ಬರೋ ಶನಿವಾರ ಊರಿಗೆ ಊರೇ ಗಾಳಿಪಂಪಿನ ತನಕ ನಡೆದ್ರೆ?"

ಆಬ್ರಾಮ್ ಪೈಪನ್ನು ಬಾಯಿಂದ ತೆಗೆದ. "ನಡೆದ್ರೆ ಬೀಜ ಬೀಳೋ ತನಕ ಆಡುಗಳು ಗುಡ್ಡ ಬಿಟ್ಟು ಇಳಿಯಲ್ಲ. ಆದ್ರೆ ನೋಡು, ಅರ್ಧ ದಾರೀಲಿ ತಿರುಗಿದೋರು ಲೆಕ್ಕಕ್ಕಿಲ್ಲ. ಊರು ತಿರುಗಿತೋ, ಸೋಮವಾರ ಬೆಳಗ್ಗೆ ಆಡುಗಳು ಹೊಲದಲ್ಲಿರ್ತವೆ."

ಒಪ್ಪಂದವಾಯಿತು. ಆ ರಾತ್ರಿಯ ಊಟದ ಹೊತ್ತಿಗೆ ಕೋಸಿ ಹೆಂಡತಿಯನ್ನು ಯಾವ ಬಣ್ಣ ಎಂದು ಕೇಳಿದ.

"ಬಿಳಿ."

"ಬಿಳಿ ಬೇಡ ಕಣೇ. ಕಿತ್ತಳೆ ಇಡು. ಬಿಳೀದು ಮಳೆಹೂವು, ಒಂದು ಮೋಡ ಬಂದ್ರೆ ಬಾಯಿ ಮುಚ್ಕೊಳ್ಳುತ್ತೆ."

"ನಮ್ಮ ಹೊಲದ ಬಿಳಿ ಸುತ್ತ ಎಲ್ಲೂ ಇಲ್ಲ. ಊರಿನೋರಿಗೆ ತೋರ್ಸೋದಾದ್ರೆ ಅದನ್ನೇ ತೋರಿಸ್ಬೇಕು."

"ಇದು ಜಂಬ," ಎಂದ ಕೋಸಿ.

"ಹೌದು," ಎಂದಳು ಡ್ರೀನಾ.

ಇದು ಅವಳ ತಪ್ಪು. ಮಳೆಹೂವನ್ನು ನಂಬಿ ನಮ್ಮಲ್ಲಿ ಬೇರೆ ಏನೇನೋ ಮಾಡುತ್ತಾರೆ, ಹೊರಡುವ ಕೆಲಸವನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ. ಅದು ಮುಚ್ಚಿದರೆ ಹೆಂಗಸರು ಒಗೆದ ಬಟ್ಟೆ ಎಳೆದುಕೊಳ್ಳುತ್ತಾರೆ, ಕಾಯುವವರು ಆಡು ತಿರುಗಿಸುತ್ತಾರೆ. ಯಾರೂ ಯೋಚಿಸುವುದಿಲ್ಲ, ಕಾಲು ತಾನಾಗಿ ಮನೆಯ ಕಡೆ ತಿರುಗುತ್ತದೆ. ಹುಟ್ಟಿದಾಗಿನಿಂದ ಇದನ್ನು ಮಾಡಿದವಳು ಅದೇ ಹೂವಿನ ಮೇಲೆ ಇಡೀ ಹೊಲವನ್ನು ಪಣಕ್ಕಿಟ್ಟಳು. ಬುದ್ಧಿವಂತರು ಜಂಬದಿಂದ ಮಾಡುವ ತಪ್ಪುಗಳು ದಡ್ಡರಿಗೆ ಹೊಳೆಯುವುದೂ ಇಲ್ಲ.

ಉಳಿದ ದಿನಗಳಲ್ಲಿ ಅವಳು ಮನೆಮನೆಗೆ ಹೋದಳು. ಬೇಡಿಕೊಳ್ಳಲಿಲ್ಲ. ಪಂಪಿನ ಹತ್ತಿರ ಕೆಂಡದ ರೊಟ್ಟಿ ಮತ್ತು ಆಡಿನ ಮಾಂಸ ಇರುತ್ತದೆ ಎಂದಷ್ಟೇ ಹೇಳಿದಳು. ಹೆಂಗಸರಿಗೆ ತೇಪೆಲಂಗ ಉಟ್ಟು ಬನ್ನಿ, ಹಬ್ಬದ ಹಾಗಿರಲಿ ಎಂದಳು. ಕೆಲವರು ಹೊಟ್ಟೆಗಾಗಿ ಒಪ್ಪಿದರು, ಹಲವರು ಡ್ರೀನಾ ಸೋಲುವುದನ್ನು ನೋಡಲು ಒಪ್ಪಿದರು.

ಶನಿವಾರ ಬೆಳಗ್ಗೆ ಆಕಾಶದಲ್ಲಿ ಒಂದು ಕಲೆಯೂ ಇರಲಿಲ್ಲ. ಬಿಸಿಲು ಏರುತ್ತಿದ್ದಂತೆ ಹೊಲ ಮೇಲಿನಿಂದ ಕೆಳಗೆ ಬಿಳಿಯಾಗುತ್ತ ಹೋಯಿತು, ಯಾರೋ ಹಾಲಿನ ಪಾತ್ರೆ ಉರುಳಿಸಿದಂತೆ. ಊರು ಬಂದಿತ್ತು. ಎದೆಗೆ ಬಿಳಿ ಬಟ್ಟೆಯ ಚೂರು ಚುಚ್ಚಿಕೊಂಡು, ಕೈಯನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗಿಟ್ಟುಕೊಂಡು ಗಂಡಸರು ನಿಂತಿದ್ದರು. ಪಕ್ಕದ ಗಾಡಿದಾರಿಯಲ್ಲಿ ಆಬ್ರಾಮ್ ತನ್ನ ಕತ್ತೆಗಾಡಿಯ ಮೇಲೆ ಸಾಕ್ಷಿಯಾಗಿ ಕೂತಿದ್ದ. ಅವನ ಪಕ್ಕದಲ್ಲಿ ಹೆಂಡತಿ ಮೀಟಾ, ಊರಿನ ಅತಿ ಹಳೆಯ, ಅತಿ ಭಾರದ ತೇಪೆಲಂಗ ಉಟ್ಟುಕೊಂಡು ಕೂತಿದ್ದಳು. ಇಳಿಯುವ ಲಕ್ಷಣ ಕಾಣಲಿಲ್ಲ.

"ಆಂಟಿ ಮೀಟಾ, ಬನ್ನಿ," ಎಂದಳು ಡ್ರೀನಾ.

"ನನ್ನ ಮೊಣಕಾಲು ನಿನ್ನ ಹೂವಿಗಿಂತ ಹಳೇದು. ನಡಿ, ನಡಿ."

ಹೊರಟರು. ಮೊದಲ ಅರ್ಧ ಚೆನ್ನಾಗಿಯೇ ಆಯಿತು. ಬಿಳಿಯಲ್ಲಿ ಎಷ್ಟು ಬಿಳಿಗಳಿವೆ ಎಂಬ ಆಟದಲ್ಲಿ ಮಕ್ಕಳು ಮುಂದೆ ಓಡಿದರು. ಒಬ್ಬ ಅಪ್ಪ ತನ್ನ ಮಗನಿಗೆ ಹೂವಿನ ಮಧ್ಯದಲ್ಲಿ ಮಲಗಿದ್ದ ದುಂಬಿಯನ್ನು ತೋರಿಸಿ, ತೋರಿಸಿದ್ದಕ್ಕೆ ನಾಚಿ, ಅತ್ತಿತ್ತ ನೋಡಿದ. ಆಗ ಸಮುದ್ರದ ಕಡೆಯಿಂದ ಗಾಳಿ ತಿರುಗಿತು. ಪಡುವಣದ ಗುಡ್ಡದ ಮೇಲೆ ಮೋಡದ ಅಂಚು ಕಾಣಿಸಿತು. ಸೂರ್ಯ ಮರೆಯಾದ ಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಲದ ಬಿಳಿ ನಮ್ಮ ಕಣ್ಣೆದುರೇ ಒಂದೊಂದು ಹೂವಾಗಿ ಆರಿಹೋಯಿತು. ಹೂಗಳೆಲ್ಲ ಎಸಳು ಮೇಲೆತ್ತಿ ಮೊಗ್ಗಿನಂತೆ ಬಿಗಿದುಕೊಂಡವು. ನಿಂತು ನೋಡಿದರೆ ಬರೀ ಮಣ್ಣುಹಸಿರು.

ಸಾರ್ಕಿ ಮೊದಲು ತಿರುಗಿದಳು. "ಹೂವು ಮುಚ್ತು. ನನ್ನ ಹಾಸಿಗೆ ಬಟ್ಟೆಯೆಲ್ಲ ಹೊರಗಿದೆ."

"ನಂದೂ," ಎಂದಳು ಇನ್ನೊಬ್ಬಳು. ಗಂಡಸರು ಕಾಲರು ಎತ್ತಿಕೊಂಡರು. ಯಾರಿಗೂ ಡ್ರೀನಾಳ ಮೇಲೆ ದ್ವೇಷವಿರಲಿಲ್ಲ. ಕಾಲು ತಿರುಗಿತು, ಅಷ್ಟೇ.

ಗಾಡಿಯ ಮೇಲಿನಿಂದ ಆಬ್ರಾಮ್ ಹೇಳಿದ: "ನಾನೇನೂ ಮಾಡಿಲ್ಲ ಡ್ರೀನಾ. ನಿನ್ನ ಹೂವೇ ಬಾಗಿಲು ಹಾಕ್ಕೊಂಡ್ತು."

ಡ್ರೀನಾಳ ಮುಖ ಹೇಗಿತ್ತು ಎಂದು ಆಮೇಲೆ ಹಲವರು ಹಲವು ರೀತಿ ವರ್ಣಿಸಿದರು. ನನಗೆ ಕಂಡದ್ದು, ಪಾತ್ರೆ ತಳ ಹಿಡಿದಾಗ ಅಡುಗೆಯವಳ ಮುಖ. ಏನು ಉಳಿಸಬಹುದು ಎಂಬ ಲೆಕ್ಕ. ಆಬ್ರಾಮನ ಮೊಮ್ಮಗಳು ವಿಲ್ನಾ, ಆರು ವರ್ಷದವಳು, ಡ್ರೀನಾಳ ಲಂಗ ಹಿಡಿದು ಎಳೆದಳು.

"ಆಂಟಿ ಡ್ರೀನಾ, ಬಿಳಿ ಎಲ್ಲಿ ಹೋಯ್ತು?"

"ಒಳಗೆ ಹೋಯ್ತು. ತಾತ ಹೇಳಿದ್ದು ಕೇಳಿಸ್ಲಿಲ್ವಾ, ಬಾಗಿಲು ಹಾಕ್ಕೊಂಡಿದೆ." ಹೇಳುತ್ತ ಹೇಳುತ್ತ ಡ್ರೀನಾ ದಡಕ್ಕನೆ ನೆಲಕ್ಕೆ ಕೂತಳು. ಚಿಕ್ಕಂದಿನಲ್ಲಿ ಆಡುದೊಡ್ಡಿಯ ಗುಡಿಸಲಿನ ಬಾಗಿಲಲ್ಲಿ, ಮಳೆಯ ದಿನ, ಬೋರಲು ಮಲಗಿ ಹೊರಗೆ ನೋಡುತ್ತಿದ್ದ ಎತ್ತರಕ್ಕೇ ಅವಳ ಕಣ್ಣು ಬಂದಿತ್ತು. "ಬಾಗಿಲಿಗೆ ಯಾವ ಬಣ್ಣ ಬಳ್ದಿದೆ ನೋಡು."

ವಿಲ್ನಾ ಬಗ್ಗಿದಳು. "ನೇರಳೆ!"

"ಯಾವ ನೇರಳೆ?"

ಮಗುವಿನ ಬಳಿ ನೇರಳೆ ಚೂರಿರಲಿಲ್ಲ. ಆ ದಿನ ಎಲ್ಲರ ಬಳಿಯೂ ಬಿಳಿಯೇ. ಅವಳು ಸುತ್ತ ನೋಡಿ, ಡ್ರೀನಾಳ ಲಂಗದ ಮೇಲೆ ಮೊಣಕಾಲ ಹತ್ತಿರವಿದ್ದ ಒಂದು ನೇರಳೆ ತೇಪೆಯನ್ನು ಹಿಡಿದು ಹೂವಿನ ಕಡೆ ಎಳೆದಳು. ಹೂ ಕೀಳುವಂತಿಲ್ಲವಲ್ಲ. ಬಟ್ಟೆಯೇ ಹೋಗಬೇಕು. ಬಟ್ಟೆಯೊಳಗೆ ಡ್ರೀನಾ ಇದ್ದಳು, ಅವಳೂ ಹೋದಳು.

"ಇದಲ್ಲ. ಇದು ಕಂದು ಜಾಸ್ತಿ. ಆ ಕಡೇದು!"

ಇನ್ನಷ್ಟು ಮಕ್ಕಳು ಲಂಗಕ್ಕೆ ಕೈ ಹಾಕಿದರು. ಡ್ರೀನಾ ಮೊಣಕಾಲೂರುತ್ತ, ಏಳುತ್ತ, ಎಳೆದಲ್ಲಿಗೆ ಹೋಗುತ್ತ, ಗಾಳಿಪಂಪಿನ ದಿಕ್ಕಿಗೇ ಹೋಗುತ್ತಿದ್ದಳು. ಮನೆಗೆ ಹೊರಟಿದ್ದ ತಾಯಂದಿರು ಮಕ್ಕಳನ್ನು ಕರೆಯಲು ಹಿಂದಿರುಗಿ ನಿಂತರು.

ಸಾರ್ಕಿ ಬಗ್ಗಿ ನೋಡಿದಳು. ನಲವತ್ತು ವರ್ಷ ಈ ಹೂ ಮುಚ್ಚಿದಾಗಲೆಲ್ಲ ಅವಳು ಬಟ್ಟೆಯ ಹಗ್ಗದ ಕಡೆ ಓಡಿದ್ದವಳು, ಒಮ್ಮೆಯೂ ಬಗ್ಗಿ ಅದರ ಬೆನ್ನನ್ನು ಗಮನಿಸಿರಲಿಲ್ಲ. ನಾವ್ಯಾರೂ ಗಮನಿಸಿರಲಿಲ್ಲ. ಎಸಳಿನ ಹೊರಮೈಯಲ್ಲಿ ಒಂದೊಂದು ಹೂವಿಗೂ ಒಂದೊಂದು ನೇರಳೆ ಪಟ್ಟೆ ಇತ್ತು, ಕೆಲವು ತಾಮ್ರದ ಕಡೆಗೆ, ಕೆಲವು ದ್ರಾಕ್ಷಿಯ ಕಡೆಗೆ.

"ಡ್ರೀನಾ, ನಿನ್ನ ತೇಪೆ ನೇರಳೆ ಅಲ್ಲ ಕಣೇ," ಎಂದಳು ಸಾರ್ಕಿ. "ಅದು ನೀಲಿ. ಸೋಪಿಗೆ ಸತ್ತಿದೆ. ನೇರಳೆ ಅಂದ್ರೆ ಇದು." ತನ್ನ ಲಂಗ ಅಗಲಿಸಿ ತೋರಿಸಿದಳು.

"ಅದು ನೇರಳೆ? ಅದು ಹೆಣದ ಹಿಂದೆ ಹೋಗೋವಾಗ ಉಡೋ ಕಪ್ಪು!" ಎಂದಳು ಪಕ್ಕದವಳು.

"ನಿಮ್ಮಿಬ್ಬರಿಗೂ ಕಣ್ಣಿಲ್ಲ!"

ಈ ದನಿ ಗಾಡಿಯಿಂದ ಬಂದದ್ದು. ಮೀಟಾ ಆಬ್ರಾಮನ ಭುಜ ಹಿಡಿದು ಕೆಳಗಿಳಿಯುತ್ತಿದ್ದಳು.

"ಎಲ್ಲಿಗೆ?" ಎಂದ ಆಬ್ರಾಮ್.

"ಇವರಿಗೆ ನೇರಳೆ ಅಂದ್ರೇನು ಗೊತ್ತಿಲ್ಲ. ನಿಮ್ಮಮ್ಮನ ಭಾನುವಾರದ ಗೌನಿನ ಚೂರು ನನ್ನ ಲಂಗದಲ್ಲಿದೆ. ಅದು ನೇರಳೆ."

"ಮೊಣಕಾಲು?"

"ಮೊಣಕಾಲು ನಂದು, ನಿಮ್ಗ್ಯಾಕೆ?"

ಅವಳು ಹೊಲಕ್ಕೆ ಕಾಲಿಟ್ಟು, ನಿಂತ ಜಾಗದ ಹೂವಿಗೆ ಲಂಗದ ತೇಪೆ ಹಿಡಿದಳು. ಹೊಂದಲಿಲ್ಲ. ತೇಪೆ ಹೆಚ್ಚು ಗಾಢವಾಗಿತ್ತು. ಸಾರ್ಕಿ ಚಪ್ಪಾಳೆ ತಟ್ಟಿದಳು.

ಆಗ ಡ್ರೀನಾ ತನ್ನ ಅಡುಗೆಮನೆಯ ಗಂಟಲಿನಲ್ಲಿ, ಇಡೀ ಹೊಲಕ್ಕೆ ಕೇಳುವಂತೆ ಹೇಳಿದಳು: "ಆಂಟಿ ಮೀಟಾ ತೇಪೆಯಷ್ಟು ಗಾಢ ಬೇಕಾದ್ರೆ ಕೆಳಗೆ, ಪಂಪಿನ ಹತ್ರ ತೇವದಲ್ಲಿದೆ. ಬಂದು ನೋಡೋರು ಬನ್ನಿ. ಇಲ್ಲಾಂದ್ರೆ ಹೋಗಿ ಬಟ್ಟೆ ತೆಗೀರಿ. ರೊಟ್ಟಿ ಮಾತ್ರ ಅಲ್ಲೇ ಇರೋದು."

ಪಂಪಿನ ಬಳಿ ಅಂಥ ಹೂವಿದೆ ಎಂದು ಅವಳಿಗೆ ಗೊತ್ತಿತ್ತೆ? ಆಮೇಲೆ ಕೇಳಿದೆ. "ಎಲ್ಲಿಂದ ಗೊತ್ತಿರುತ್ತೆ?" ಎಂದಳು. "ತೇವ ಇರೋ ಕಡೆ ಏನಾದ್ರೂ ಇದ್ದೇ ಇರುತ್ತೆ ಅಂದ್ಕೊಂಡೆ."

ಊರು ಒಂದು ಕ್ಷಣ ಹೊಲದ ನಡುವೆ ನಿಂತಿತು. ಹಿಂದೆ ಒದ್ದೆಯಾಗುವ ಬಟ್ಟೆ, ಮುಂದೆ ತೀರ್ಮಾನವಾಗದ ಜಗಳ. ನಮ್ಮ ಊರನ್ನು ಬಲ್ಲವರು ಅದು ಯಾವ ಕಡೆ ಹೋಯಿತೆಂದು ಕೇಳುವುದಿಲ್ಲ. ಮೀಟಾ ಮೊದಲು ಹೊರಟಳು, ಕುಂಟುತ್ತ. ಅವಳನ್ನು ಗೆಲ್ಲಲು ಬಿಡಬಾರದೆಂದು ಸಾರ್ಕಿ ಹೊರಟಳು. ಅವರ ಹಿಂದೆ ಲಂಗಗಳೆಲ್ಲ ಹೊರಟವು, ಲಂಗಗಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ, ಮಾಂಸದ ವಾಸನೆ ಗಾಳಿಯಲ್ಲಿ ಬರುತ್ತಿದ್ದುದರಿಂದ, ಗಂಡಸರು. ಪ್ರತಿ ಹತ್ತು ಹೆಜ್ಜೆಗೆ ಯಾರಾದರೂ ಬಗ್ಗುತ್ತಿದ್ದರು. "ಇದು ನನ್ನ ತೇಪೆಗೆ ಸರಿ!" "ಸರಿ ಅಲ್ಲ, ಬೆಳಕಿಗೆ ಹಿಡಿ!" "ಅಪ್ಪಾ, ನೀನೂ ಬಗ್ಗು!" ಮಳೆ ಹನಿಯತೊಡಗಿದಾಗ ಗಂಡಸೊಬ್ಬ ಟೋಪಿ ತೆಗೆದು ಒಂದು ಹೂವಿನ ಮೇಲೆ ಹಿಡಿದ, ಮಗಳು ಬಣ್ಣ ಹೋಲಿಸುವವರೆಗೆ ನೆನೆಯದಿರಲೆಂದು. ಯಾರೂ ಅವನನ್ನು ನೋಡಿ ನಗಲಿಲ್ಲ. ನಗಲು ಯಾರಿಗೂ ಪುರುಸೊತ್ತಿರಲಿಲ್ಲ.

ಗಾಳಿಪಂಪಿನ ಕೆಳಗೆ, ತೊಟ್ಟಿಯಿಂದ ನೀರು ತುಳುಕಿ ನೆಲ ನೆನೆದಿದ್ದಲ್ಲಿ, ಮಳೆಹೂಗಳು ಮೊಣಕಾಲೆತ್ತರ ಬೆಳೆದಿದ್ದವು. ಮುಚ್ಚಿದ ಎಸಳುಗಳ ಬೆನ್ನು ಹಣ್ಣಾದ ದ್ರಾಕ್ಷಿಯಂತೆ ಗಾಢವಾಗಿತ್ತು. ಮೀಟಾ ಏದುಸಿರು ಬಿಡುತ್ತ ಕೂತು ತನ್ನ ಅತ್ತೆಯ ಗೌನಿನ ಚೂರನ್ನು ಒಂದು ಹೂವಿಗೆ ಒತ್ತಿದಳು. ಬಟ್ಟೆ ಎಲ್ಲಿ ಮುಗಿಯಿತು, ಹೂ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಸಾರ್ಕಿ ಬಹಳ ಹೊತ್ತು ತಪ್ಪು ಹುಡುಕಿದಳು. ಸಿಗಲಿಲ್ಲ.

"ಸರಿ," ಎಂದಳು ಕೊನೆಗೆ, ಅನ್ಯಾಯಕ್ಕೊಳಗಾದವಳ ದನಿಯಲ್ಲಿ. "ಇದು ನೇರಳೆ."

ಹೊಲದಲ್ಲಿ ಕೂಗಾಟವೆದ್ದಿತು. ಕೋಸಿ ಕೆಂಡದ ಮೇಲೆ ತಗಡು ಅಡ್ಡ ಹಿಡಿದು, ಮಳೆಯಲ್ಲಿ ರೊಟ್ಟಿ ತಿರುವುತ್ತಿದ್ದವನು ತಲೆಯೆತ್ತಿ ನೋಡಿದ. ಊರಿಗೆ ಊರೇ ಅವನ ಪಂಪಿನ ಸುತ್ತ ನಿಂತಿತ್ತು.

ಕೊನೆಗೆ ಕತ್ತೆಗಾಡಿಯೂ ಬಂದು ನಿಂತಿತು. ಆಬ್ರಾಮ್ ಇಳಿದ, ಹೆಂಡತಿ ಕೂತಲ್ಲಿಗೆ ಬಂದ, ಬಗ್ಗಿದ. ತನ್ನ ತಾಯಿಯ ಗೌನನ್ನು ಅವನು ಗುರುತಿಸದೆ ಇರಲಿಲ್ಲ. ಆದರೆ ಅವನು ಅತ್ತನೆಂದೋ ಕರಗಿದನೆಂದೋ ಬರೆದರೆ ಸುಳ್ಳಾಗುತ್ತದೆ. ನೆಟ್ಟಗಾಗಿ ಸುತ್ತ ನಿಂತವರನ್ನು ಮೇಲಿನಿಂದ ಕೆಳಗೆ ನೋಡಿದ, ವ್ಯಾಪಾರ ಸೋತ ಆಡಿನವನು ನೋಡುವ ಹಾಗೆ.

"ಆಯ್ತು," ಎಂದ. "ಬೀಜ ಬೀಳೋ ತನಕ ಇಳಿಸಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಷ್ಟು ಸಾಕೆಂದು ರೊಟ್ಟಿ ತಿನ್ನಲು ಹೋಗುತ್ತಿದ್ದರು. ಡ್ರೀನಾ, ಕೆಸರಾದ ಮೊಣಕಾಲು ಒರೆಸಿಕೊಂಡು, ಅವನ ಎದುರು ನಿಂತಳು.

"ಪ್ರತಿ ವರ್ಷ, ಊಮ್ ಆಬ್ರಾಮ್."

"ಮಾತಾಡಿದ್ದು ಈ ವರ್ಷದ್ದು!"

"ಊರಿಗೆ ಬೇಡ ಅಂದ್ರಿ, ಊರು ಬಂತು. ಬಿಸಿಲಲ್ಲಿ ಬಂದ್ರೆ ಸುಮ್ನೆ ಅನ್ಬಹುದಿತ್ತು. ಮಳೇಲಿ ಬಂದಿದೆ."

"ನನ್ನ ಮರಿ ಹಾಕಿದ ಆಡುಗಳು ಏನು ತಿನ್ನಲಿ, ನಿನ್ನ ಬಣ್ಣಾನಾ?"

ಇದಕ್ಕೆ ಅವಳು ಸಿದ್ಧಳಾಗಿದ್ದಳು. "ಗುಡ್ಡದ ಹಿಂದಿನ ಹಳ್ಳದಲ್ಲಿ ಸೊಂಟದೆತ್ತರ ಹುಲ್ಲಿದೆ. ಎಳೇ ಮರಿ ಕಟ್ಕೊಂಡ ಆಡಿಗೆ ಅದು ದೂರ, ನಮಗೆ ಹತ್ತಿರ. ಕುಯ್ದು ಹೊತ್ತು ತಂದು ದೊಡ್ಡಿಗೆ ಹಾಕೋಣ, ಸರದಿ ಮೇಲೆ, ಮನೆಗೊಬ್ಬರು. ಇಷ್ಟು ಜನಕ್ಕೆ ನಡಿಯೋಕೆ ಬರುತ್ತೆ ಅಂತ ಇವತ್ತು ಗೊತ್ತಾಯ್ತಲ್ಲ."

ಗಂಡಸರ ಗುಂಪಿನಿಂದ ನರಳಿಕೆ ಕೇಳಿಬಂತು. ಅಷ್ಟರಲ್ಲಿ ಅವರ ಬಾಯಲ್ಲೆಲ್ಲ ಡ್ರೀನಾಳ ಮಾಂಸವಿತ್ತು. ತುಂಬಿದ ಬಾಯಲ್ಲಿ ಇಲ್ಲ ಎನ್ನುವುದು ಕಷ್ಟ.

ಆಬ್ರಾಮ್ ಮೀಟಾಳನ್ನು ನೋಡಿದ. ಮೀಟಾ ಇನ್ನೂ ನೆಲದ ಮೇಲೆ, ವಿಲ್ನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಂದಿನ ಹೂವಿಗೆ ಲಂಗ ಹಿಡಿಯುತ್ತಿದ್ದಳು. ಗಂಡನ ಕಡೆ ತಿರುಗಲೂ ಇಲ್ಲ.

"ಪ್ರತಿ ವರ್ಷ ಅಂತ ಹೇಳಿಬಿಡಿ," ಎಂದಳು. "ನನ್ನ ಲಂಗದಲ್ಲಿ ಇನ್ನೂ ಕೆಂಪಿದೆ, ಹಳದಿ ಇದೆ. ಸಾರ್ಕಿಗೆ ಅವೂ ಗೊತ್ತಿಲ್ಲ."

ಸಮಿತಿಯ ಅಧ್ಯಕ್ಷ ಪೈಪಿನ ಬೂದಿಯನ್ನು ಗಾಡಿಯ ಚಕ್ರಕ್ಕೆ ಕುಟ್ಟಿ ಉದುರಿಸಿದ. ಆಮೇಲೆ ಗಂಡಸರ ಕಡೆ ತಿರುಗಿ, ಅವರೇ ಇಷ್ಟು ದಿನ ಆಡು ಇಳಿಸಲು ಒತ್ತಾಯಿಸಿದ್ದರು ಎನ್ನುವ ಹಾಗೆ ಗದರಿದ: "ಕೇಳಿಸ್ತಲ್ಲ? ಪ್ರತಿ ವರ್ಷ! ಬೀಜ ಬೀಳೋಕೆ ಮುಂಚೆ ಯಾವನಾದ್ರೂ ಈ ಹೊಲಕ್ಕೆ ಆಡು ಬಿಟ್ರೆ, ಆ ಆಡು ಮುಂದಿನ ಶನಿವಾರ ಈ ಕೆಂಡದ ಮೇಲಿರುತ್ತೆ. ಸೋಮವಾರ ಹುಲ್ಲಿಗೆ ಮೊದಲನೇ ಸರದಿ ಯಾರದು?"

ಗಂಡಸರೆಲ್ಲ ಮೂಳೆ ಕಚ್ಚುವುದರಲ್ಲಿ ಮುಳುಗಿದರು.

"ನಂದು," ಎಂದಳು ಡ್ರೀನಾ, ರೊಟ್ಟಿ ಮುರಿಯುತ್ತ. "ಎರಡನೇದು ನಿಮ್ಮದು."